ಬನವಾಸಿಯ ಕದಂಬರು ದೂರದ ಉತ್ತರ ಭಾರತದ ಗುಪ್ತರಿಗೆ ಹೆಣ್ಣು ಕೊಟ್ಟಿದ್ದು ಯಾಕೆ?

ಸುಲಭವಾಗಿ ಹೇಳಬೇಕೆಂದರೆ, ಮಾನ್ಯತೆಗಾಗಿ ಮತ್ತು ರಕ್ಷಣೆಗಾಗಿ.

ಕದಂಬರು ಆಗ ಹೊಸ ಮನೆತನ. ಮೂಲಪುರುಷ ಮಯೂರಶರ್ಮ ಕಂಚಿಗೆ ಓದಲು ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಕತ್ತಿ ಹಿಡಿದವನು. ಅವನನ್ನು ಮಣಿಸಲಾಗದೆ ಕೊನೆಗೆ ಪಲ್ಲವರೇ ಪಟ್ಟ ಕಟ್ಟಿ, ನಾಡೊಂದನ್ನು ಬಿಟ್ಟುಕೊಟ್ಟರು. ಆದರೆ ಹಾಗೆ ಸಿಕ್ಕ ರಾಜ್ಯವನ್ನು ಉಳಿದ ಅರಸರೂ ಒಪ್ಪಬೇಕಲ್ಲ.

ಅದಕ್ಕೆ ದಾರಿ ಬೀಗತನ. ಇದು ನಮಗೆ ಗೊತ್ತಾಗಿದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಿಂದ. ಪ್ರಣವೇಶ್ವರ ಗುಡಿಯ ಮುಂದಿರುವ ಈ 5ನೇ ಶತಮಾನದ ಸಂಸ್ಕೃತ ಶಾಸನವನ್ನು ಬರೆದ ಕವಿ ಕುಬ್ಜ. ಮಯೂರಶರ್ಮನ ಮರಿಮಗ ಕಾಕುಸ್ಥವರ್ಮ ಸೂರ್ಯನಂತೆ, ಅವನ ಹೆಣ್ಣುಮಕ್ಕಳು ಕಿರಣಗಳಂತೆ, ಆ ಕಿರಣಗಳು ಗುಪ್ತರೇ ಮೊದಲಾದ ರಾಜಕುಲಗಳೆಂಬ ತಾವರೆಗಳನ್ನು ಅರಳಿಸಿದವು ಎನ್ನುತ್ತಾನೆ. ಹೊಗಳಿಕೆ ಜಾಸ್ತಿಯೇ ಇದೆ! ಆದರೂ ಕವಿ ಗುಪ್ತರ ಹೆಸರನ್ನು ಸುಮ್ನೆ ತಂದಿಲ್ಲ. ಅಷ್ಟು ದೊಡ್ಡವರ ಬೀಗರು ಎಂದರೆ ಅಕ್ಕಪಕ್ಕದವರು ಎರಡು ಸಲ ಯೋಚಿಸುತ್ತಾರೆ.

ಇನ್ನೊಬ್ಬ ಅರಸನ ಸ್ನೇಹಕ್ಕಾಗಿ ಉಡುಗೊರೆ ಕೊಟ್ಟ ಆನೆ, ಕುದುರೆ ಕೆಲವು ವರ್ಷಕ್ಕೆ ಸಾಯುತ್ತವೆ. ಮಗಳನ್ನು ಕೊಟ್ಟರೆ ಮುಂದೆ ಅಲ್ಲಿ ಪಟ್ಟಕ್ಕೆ ಬರುವವನು ನಿಮ್ಮ ಮೊಮ್ಮಗನೇ ಆಗಬಹುದು. ಪಕ್ಕದ ಗಂಗರ ಮನೆಯಲ್ಲಿ ಹೀಗೇ ಆಯಿತು: ದೊರೆ ಅವಿನೀತನಿಗೆ ಕದಂಬ ಕೃಷ್ಣವರ್ಮ ಸೋದರಮಾವ.