ಹಲ್ಲೆಲ್ಲ ಹಳದಿ, ಮುಂದಿನ ಒಂದು ಹಲ್ಲು ಮಾತ್ರ ಬೂದು: ಲೇಸರ್ ವೈಟ್ನಿಂಗ್ ಮಾಡಿಸಲೇ?

ಹಲ್ಲು ಕ್ಲೀನ್ ಮಾಡಿಸಿದರೂ ಹಳದಿ ಹೋಗಲಿಲ್ಲ, ಚಿಕ್ಕಂದಿನಲ್ಲಿ ಪೆಟ್ಟು ಬಿದ್ದ ಹಲ್ಲು ಬೂದಾಗಿದೆ ಅಂತ ಬರೆದಿದ್ದೀರಿ. ನಾನು ದಂತವೈದ್ಯೆ. ಇವು ಎರಡು ಬೇರೆ ತೊಂದರೆಗಳು, ಒಂದೇ ಮದ್ದು ಆಗುವುದಿಲ್ಲ.

ಮೊದಲು ಆ ಬೂದು ಹಲ್ಲಿನ ಎಕ್ಸ್‌ರೇ ತೆಗೆಸಿ. ಪೆಟ್ಟು ಬಿದ್ದಾಗ ಒಳಗಿನ ರಕ್ತ ಹಲ್ಲಿನೊಳಗೇ ಇಂಗಿ ಬಣ್ಣ ಕಟ್ಟುತ್ತದೆ, ಎಷ್ಟೋ ಸಲ ನರವೂ ಸತ್ತಿರುತ್ತದೆ. ಹಾಗಿದ್ದರೆ ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗೇ ಬ್ಲೀಚ್ ಔಷಧಿ ಇಟ್ಟು ಮುಚ್ಚುತ್ತೇವೆ. ಕೆಲವು ದಿನ ಬಿಟ್ಟು ತೆಗೆದು ನೋಡಿ, ಬೇಕಾದರೆ ಮತ್ತೆ ಇಡುತ್ತೇವೆ. ಅಂಥ ಹಲ್ಲಿಗೆ ಹೊರಗಿನಿಂದ ಜೆಲ್ ಹಚ್ಚಿ ಜಾಸ್ತಿ ಪ್ರಯೋಜನವಿಲ್ಲ.

ಇನ್ನು ಹಳದಿ. ಕ್ಲೀನಿಂಗ್ ಟೀ, ಕಾಫಿ, ತಂಬಾಕಿನ ಮೇಲಿನ ಕಲೆಯನ್ನಷ್ಟೇ ತೆಗೆಯುತ್ತದೆ. ನಿಮ್ಮದು ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಅದರ ಕೆಳಗಿನ ಪದರದ ಬಣ್ಣ ಇರಬೇಕು. ವಯಸ್ಸಾದಂತೆ ಎನಾಮಲ್ ಸವೆದು ಅದು ಎದ್ದು ಕಾಣುತ್ತದೆ. ಅದಕ್ಕೆ ಪೆರಾಕ್ಸೈಡ್ ಎಂಬ ಬ್ಲೀಚ್ ಔಷಧಿ ಬೇಕು. ಹಲ್ಲನ್ನು ಕೆರೆಯುವುದಿಲ್ಲ, ಒಳಕ್ಕೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಹಳದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕ್ಲಿನಿಕ್ಕಿನಲ್ಲಿ ಒಸಡಿಗೆ ರಕ್ಷಣೆ ಕೊಟ್ಟು, ಸಾಮಾನ್ಯವಾಗಿ 25ರಿಂದ 40% ಹೈಡ್ರೋಜನ್ ಪೆರಾಕ್ಸೈಡ್ ಹಚ್ಚುತ್ತೇವೆ. ಒಂದು ಗಂಟೆಯ ಕೆಲಸ. ಲೇಸರ್, ನೀಲಿ ಲೈಟು ಎಂದು ಮಾರುವುದೂ ಬಹುಮಟ್ಟಿಗೆ ಇದೇ. ಕೆಲಸ ಮಾಡುವುದು ಜೆಲ್, ಬೆಳಕಿನಿಂದ ಕೊನೆಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ಅವತ್ತೇ ಫಳಫಳ ಹೊಳೆಯುವುದಕ್ಕೆ ಹಲ್ಲು ಒಣಗಿರುವುದೂ ಒಂದು ಕಾರಣ. ಕೆಲವೇ ದಿನಗಳಲ್ಲಿ ಸ್ವಲ್ಪ ಇಳಿಯುತ್ತದೆ, ಆಗ ಮೋಸವಾಯಿತು ಅನ್ನಿಸುತ್ತದೆ, ಅಲ್ವಾ?

ಮದುವೆ ಹತ್ತಿರ ಬಂದಿದೆ ಅನ್ನುವಂಥ ಅವಸರ ಇಲ್ಲದಿದ್ದರೆ ನಾನು ಟ್ರೇ ವಿಧಾನವನ್ನೇ ಹೇಳುತ್ತೇನೆ. ನಿಮ್ಮ ಹಲ್ಲಿನ ಅಚ್ಚು ತೆಗೆದು ತೆಳುವಾದ ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಮಲಗುವುದು. ಹೈಡ್ರೋಜನ್ ಪೆರಾಕ್ಸೈಡ್ ಲೆಕ್ಕದಲ್ಲಿ ಇದು ಸುಮಾರು 3.5% ಅಷ್ಟೇ. ಎರಡು ವಾರ ಹಿಡಿಯುತ್ತದೆ, ಆದರೆ ಬಣ್ಣ ಸಾಕು ಅನ್ನಿಸಿದಾಗ ನೀವೇ ನಿಲ್ಲಿಸಬಹುದು. ಹಲ್ಲು ಜುಮ್ಮೆಂದರೆ ಒಂದು ರಾತ್ರಿ ಬಿಡಿ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿ. ಹುಳುಕು, ಒಸಡಿನ ತೊಂದರೆ ಇದ್ದರೆ ಮೊದಲು ಸರಿಮಾಡಿಸಿ. ಗರ್ಭಿಣಿಯರು, ಹಾಲೂಡಿಸುವವರು ಮುಂದಕ್ಕೆ ಹಾಕುವುದು ಒಳ್ಳೆಯದು.

ಕ್ಯಾಪ್, ಫಿಲ್ಲಿಂಗ್ ಬಣ್ಣ ಬದಲಾಗುವುದಿಲ್ಲ. ಮುಂದಿನ ಹಲ್ಲಿನಲ್ಲಿ ಫಿಲ್ಲಿಂಗ್ ಇದ್ದರೆ ವೈಟ್ನಿಂಗ್ ಮುಗಿದು ಎರಡು ವಾರ ಕಾದು ಹೊಸದು ಹಾಕಿಸಿ. ಆ ಎರಡು ವಾರದೊಳಗೆ ಹಾಕಿಸಿದರೆ ಸರಿಯಾಗಿ ಅಂಟುವುದಿಲ್ಲ.

ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಹಾಕಿಸಿ ಅಂತ ಯಾರಾದರೂ ಮೊದಲೇ ಹೇಳಿದರೆ ಅವಸರಪಡಬೇಡಿ. ಅದಕ್ಕೆ ಸಾಮಾನ್ಯವಾಗಿ ಎನಾಮಲ್ ಕೊರೆಯಬೇಕು, ಕೊರೆದದ್ದು ವಾಪಸ್ ಬರುವುದಿಲ್ಲ. ಟೆಟ್ರಾಸೈಕ್ಲಿನ್ ಔಷಧಿಯಿಂದ ಬಂದ ಕಡುಬೂದು ಪಟ್ಟೆಗಳಿಗೆ, ತಿಂಗಳುಗಟ್ಟಲೆ ಟ್ರೇ ಹಾಕಿಯೂ ಆಗದಿದ್ದರೆ, ಆ ಮಾತು ಬೇರೆ.

ಟ್ರೇ ಮಾತ್ರ ಎಸೆಯಬೇಡಿ. ಮುಂದೆ ಬಣ್ಣ ಮಸುಕಾದರೆ ಜೆಲ್ ತಂದು ಕೆಲವು ರಾತ್ರಿ ಹಾಕಿಕೊಂಡರೆ ಸಾಕು.