612 ಉತ್ತರ ಬಂದಿವೆ, ಸಾಲದೇ?

ಪ್ರಶ್ನೆ: ನಿರಂತರ ಮೌಲ್ಯಮಾಪನದ ಬಗ್ಗೆ ಶಿಕ್ಷಕರ ಅಭಿಪ್ರಾಯ ತಿಳಿಯಲು ಗೂಗಲ್ ಫಾರ್ಮ್ ಮಾಡಿ ಶಿಕ್ಷಕರ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಹಾಕಿದೆ. ಮೂರೇ ದಿನದಲ್ಲಿ 612 ಉತ್ತರ ಬಂದವು. ಬಹುತೇಕರು ಎಲ್ಲದಕ್ಕೂ ‘ಒಪ್ಪುತ್ತೇನೆ’ ಎಂದಿದ್ದಾರೆ. ನಮ್ಮ ಸಂಶೋಧನಾ ಗೈಡ್ ಮಾತ್ರ ಇದು ನಡೆಯುವುದಿಲ್ಲ ಎನ್ನುತ್ತಾರೆ. ಇನ್ನೆಷ್ಟು ಉತ್ತರ ಬೇಕು?

ಉತ್ತರ: ಇನ್ನೊಂದು ಸಾವಿರ ಬಂದರೂ ನಿಮ್ಮ ಗೈಡ್ ಹೇಳುವುದು ಅದನ್ನೇ. ಲಿಂಕ್ ಎಷ್ಟು ಜನರಿಗೆ ತಲುಪಿತು, ಯಾರು ನೋಡಿಯೂ ಸುಮ್ಮನಾದರು, ತುಂಬಿದವರೆಲ್ಲ ಶಿಕ್ಷಕರೇ ಹೌದೇ? ಯಾವುದಕ್ಕೂ ನಿಮ್ಮಲ್ಲಿ ಲೆಕ್ಕವಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆಯ ಸಮೀಕ್ಷೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು. ಅದು ಲ್ಯಾಂಡನ್ ಗೆಲ್ಲುತ್ತಾರೆಂದಿತು, ಗೆದ್ದದ್ದು ರೂಸ್‌ವೆಲ್ಟ್.

ಮೊದಲು ಶಿಕ್ಷಕರ ಪೂರ್ಣ ಪಟ್ಟಿ ಹಿಡಿಯಿರಿ. ಅದರಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, 400 ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಅದೇ ಲಿಂಕ್ ಕಳಿಸಿ. ಐದು ದಿನ ಬಿಟ್ಟು ಒಮ್ಮೆ, ಮತ್ತೊಂದು ವಾರಕ್ಕೆ ಇನ್ನೊಮ್ಮೆ ನೆನಪಿಸಿ. ಪರೀಕ್ಷೆಯ ದಿನಗಳು ಬೇಡ. ಮೊದಲೇ ಉತ್ತರಿಸಿದವರಿಗೂ ಎರಡನೇ ಸಲ ನೆನಪಿಸಿದ ಮೇಲೆ ಉತ್ತರಿಸಿದವರಿಗೂ ಅಭಿಪ್ರಾಯದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಉತ್ತರಿಸದೇ ಉಳಿದವರ ಅಭಿಪ್ರಾಯವೂ ಬೇರೆಯೇ ಇರಬಹುದೆಂಬ ಸುಳಿವು ಅದು.

ಇನ್ನು ಆ ‘ಒಪ್ಪುತ್ತೇನೆ’. ಹೇಳಿಕೆಗಳೆಲ್ಲ ಪದ್ಧತಿಯನ್ನು ಹೊಗಳುವಂತಿದ್ದರೆ ಜನ ಓದದೆಯೇ ಒಂದೇ ಸಾಲಿನಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. ‘ಈ ಪದ್ಧತಿ ಮಕ್ಕಳ ಕಲಿಕೆಗೂ ಶಿಕ್ಷಕರ ಸಮಯ ಉಳಿತಾಯಕ್ಕೂ ಅನುಕೂಲ’ ಎಂಬಂಥ ಹೇಳಿಕೆಯನ್ನು ಎರಡಾಗಿ ಒಡೆಯಿರಿ. ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದವರು ಏನು ಒತ್ತಬೇಕು? ಅಭಿಪ್ರಾಯದ ಜತೆಗೆ ನಡೆದದ್ದನ್ನೂ ಕೇಳಿ: ‘ಕಳೆದ ಎರಡು ವಾರಗಳಲ್ಲಿ ದಾಖಲೆ ಬರೆಯಲು ಎಷ್ಟು ಗಂಟೆ ಹಿಡಿಯಿತು?’ ಅಡ್ಡ-ಉದ್ದ ಕೋಷ್ಟಕದ ಪ್ರಶ್ನೆಗಳು ಮೊಬೈಲಿನಲ್ಲಿ ಅರ್ಧ ಮರೆಯಾಗುತ್ತವೆ, ಬಿಡಿ. ಕಳಿಸುವ ಮುನ್ನ ಐದಾರು ಶಿಕ್ಷಕರು ಮೊಬೈಲಿನಲ್ಲೇ, ಗಟ್ಟಿಯಾಗಿ ಓದುತ್ತಾ ತುಂಬಲಿ. ಅವರು ತಡವರಿಸಿದ ಪ್ರಶ್ನೆಯನ್ನು ತಿದ್ದಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಭಯ. ಗುಂಪಿನಲ್ಲಿ ಮುಖ್ಯ ಶಿಕ್ಷಕರಿದ್ದರೆ ಮನಸ್ಸಿನ ಮಾತು ಹೊರಬರುವುದು ಕಷ್ಟ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಸೆಟ್ಟಿಂಗ್ ಹಾಕಿದರೆ ಫಾರ್ಮ್ ಲಾಗಿನ್ ಕೇಳುತ್ತದೆ. ಇಮೇಲ್ ಸಂಗ್ರಹ ಆಫ್ ಇದ್ದರೆ ವಿಳಾಸ ನಿಮಗೆ ಕಾಣುವುದಿಲ್ಲ, ನಿಜ. ಆದರೆ ಪರದೆಯ ಮೇಲೆ ತಮ್ಮ ವಿಳಾಸ ಕಂಡ ಶಿಕ್ಷಕರು ಅದನ್ನು ನಂಬಬೇಕಲ್ಲ! ಹೆಸರು ಕೇಳದಿದ್ದರೂ ಶಾಲೆ, ವಿಷಯ, ಸೇವಾವಧಿ ಮೂರನ್ನೂ ಕೇಳಿದರೆ ಆ ಶಾಲೆಯ ಒಬ್ಬರೇ ವಿಜ್ಞಾನ ಶಿಕ್ಷಕರು ಸಿಕ್ಕಿಬಿದ್ದಂತೆ. ಶಾಲೆಯ ಹೆಸರು ಬಿಡಿ, ಸೇವಾವಧಿಗೆ 0–5, 6–15, 16 ಮತ್ತು ಹೆಚ್ಚು ವರ್ಷ ಎಂಬ ಗುಂಪು ಸಾಕು. ಯಾರಿಗೆ ನೆನಪಿಸಬೇಕೆಂದು ತಿಳಿಯಲು ಹೆಸರಿನೊಂದಿಗೆ ‘ತುಂಬಿದ್ದೇನೆ’ ಎಂದಷ್ಟೇ ಹೇಳುವ ಇನ್ನೊಂದು ಪುಟ್ಟ ಫಾರ್ಮ್ ಇಡಿ. ಉತ್ತರಗಳಿಗೆ ಅದನ್ನು ಜೋಡಿಸಬೇಡಿ.

ಈಗಿರುವ 612ನ್ನು ಎಸೆಯಬೇಕಿಲ್ಲ. ಅದು ‘ತಾವಾಗಿ ಮುಂದೆ ಬಂದವರ’ ಅಭಿಪ್ರಾಯ ಎಂದು ಪ್ರಬಂಧದಲ್ಲಿ ಬರೆಯಿರಿ, ‘ಶೇ 5ರಷ್ಟು ಆಚೀಚೆ ಇರಬಹುದು’ (±5) ಎಂಬಂಥ ದೋಷಮಿತಿ ಹಚ್ಚಬೇಡಿ. ಅದರ ಮುಕ್ತ ಉತ್ತರಗಳನ್ನು ಓದಿದರೆ ಸಂದರ್ಶನದ ಪ್ರಶ್ನೆಗಳು ಅಲ್ಲೇ ಸಿಗುತ್ತವೆ. ಆ ಸಂದರ್ಶನ ವಿಡಿಯೊ ಕರೆಯಲ್ಲಾದರೆ ಶಾಲೆ ಬಿಟ್ಟ ಮೇಲಿನ ಸಮಯ ಗೊತ್ತುಮಾಡಿ. ಸ್ಟಾಫ್ ರೂಮಿನಲ್ಲಿ ಕುಳಿತು ಯಾರೂ ಬಾಯಿ ಬಿಡುವುದಿಲ್ಲ.