ಹಳೆಯ ಸೈನ್ಯಕ್ಕೆ ಹೊಸ ಪೀಠ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದುವಾಗ ವಾರ್‌ಹ್ಯಾಮರ್ ಆಡುತ್ತಿದ್ದಿರಿ, ಪುಟ್ಟ ಬೊಂಬೆಗಳ ಸೈನ್ಯ ಕಟ್ಟಿ ಮೇಜಿನ ಮೇಲೆ ಕಾದಾಡಿಸುವ ಆಟ. 2009ರಲ್ಲಿ ಊರಿಗೆ ಮರಳುವಾಗ ಅದರ ಎಂಪೈರ್ ಎಂಬ ಸೈನ್ಯವನ್ನು ಬಟ್ಟೆಯಲ್ಲಿ ಸುತ್ತಿ ತಂದಿರಿ. ಈಗ ಶಿವಮೊಗ್ಗದ ಮನೆಯಲ್ಲಿ ಆ ಪೆಟ್ಟಿಗೆ ತೆರೆದು ಕೂತಿದ್ದೀರಿ: ಅರವತ್ತು ಕಾಲಾಳು, ಎಂಟು ಕುದುರೆ ಸವಾರರು, ಒಂದು ಫಿರಂಗಿ. ಇಷ್ಟರಲ್ಲೇ ಮತ್ತೆ ಆಡಬಹುದೇ, ಹೊಸದಾಗಿ ಕೊಳ್ಳಬೇಕೇ, ರೆಸಿನ್ ಎರಕವನ್ನು, ಅಂದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ಯುವುದನ್ನು, ಮನೆಯಲ್ಲಿ ಕಲಿಯಬಹುದೇ ಎಂಬುದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಒಂದೇ ಒಂದು ಸೈನಿಕನನ್ನೂ ಕೊಳ್ಳಬೇಡಿ. ಎರಕವನ್ನು ಖಂಡಿತ ಕಲಿಯಿರಿ, ಆದರೆ ಸೈನಿಕನಿಂದಲ್ಲ, ಅವನು ನಿಲ್ಲುವ ಪುಟ್ಟ ಪೀಠದಿಂದ, ಅಂದರೆ ಬೇಸ್‌ನಿಂದ ಶುರು ಮಾಡಿ. ಯಾಕೆಂದು ಹೇಳುತ್ತೇನೆ.

ನಾನು ತಿಪಟೂರಿನವನು. 2003ರಲ್ಲಿ ಓದಲೆಂದು ನಾಟಿಂಗ್‌ಹ್ಯಾಮ್‌ಗೆ ಬಂದವನು ಇಲ್ಲೇ ಉಳಿದೆ. ಈ ಸುತ್ತಿನ ಪ್ರದೇಶವನ್ನು ಹವ್ಯಾಸಿಗಳು 'ಲೆಡ್ ಬೆಲ್ಟ್' ಎನ್ನುತ್ತಾರೆ, ಸೀಸದ ಸೀಮೆ. ವಾರ್‌ಹ್ಯಾಮರ್ ಮಾಡುವ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಇದೇ ಊರಿನ ಲೆಂಟನ್‌ನಲ್ಲಿದೆ, ಇಂಥವೇ ಬೊಂಬೆ ಮಾಡುವ ಮ್ಯಾಂಟಿಕ್ ಮತ್ತು ವಾರ್‌ಲಾರ್ಡ್ ಕಂಪನಿಗಳೂ ಇಲ್ಲಿಯವೇ. ಆಗ ನಾನು ಕಟ್ಟಿದ್ದು ಡ್ವಾರ್ಫ್, ಅಂದರೆ ಕುಳ್ಳರ ಸೈನ್ಯ. 2010ರಲ್ಲಿ ಮಗಳು ಹುಟ್ಟಿದ ಮೇಲೆ ಅದು ಅಟ್ಟ ಸೇರಿತು. ಕೆಳಗಿಳಿಸಿದ್ದು 2024ರಲ್ಲಿ.

ನಾವು ದೂರವಿದ್ದ ಕಾಲದಲ್ಲಿ ಆದದ್ದು ಸಣ್ಣ ಬದಲಾವಣೆಯಲ್ಲ. 1983ರಲ್ಲಿ ಶುರುವಾದ ನಮ್ಮ ಆಟದ ಲೋಕವನ್ನೇ ಕಥೆಯೊಳಗೆ ನಾಶ ಮಾಡಿ, 2015ರಲ್ಲಿ 'ಏಜ್ ಆಫ್ ಸಿಗ್ಮಾರ್' ಎಂಬ ಬೇರೆ ಆಟ ತಂದರು. ಚೌಕ ಬೇಸ್ ಹೋಗಿ ದುಂಡು ಬೇಸ್ ಬಂತು. ಸಾಲುಗಟ್ಟಿ ನಿಲ್ಲುವ ಪಡೆಗಳು ಹೋದವು. ಸಾಲು ತಿರುಗಿಸಿ ಶತ್ರುವಿನ ಮಗ್ಗುಲಿಗೆ ಬೀಳುವುದೇ ಆಟದ ಜೀವ ಎಂದು ನಂಬಿದ್ದ ನನ್ನಂಥವರಿಗೆ ಅದು ನಿಜವಾಗಿ ನೋವು ಕೊಟ್ಟಿತು. ನಂತರ 2024ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಬಂತು. ಅದೇ ಹಳೆಯ ಲೋಕ, ಕಥೆಯಲ್ಲಿ ಶತಮಾನಗಳಷ್ಟು ಹಿಂದಿನ ಕಾಲ, ಮತ್ತೆ ಚೌಕ ಬೇಸ್, ಮತ್ತೆ ಸಾಲು. ನಿಮ್ಮ ಎಂಪೈರ್‌ಗೂ ನನ್ನ ಡ್ವಾರ್ಫ್‌ಗಳಿಗೂ ಅದರಲ್ಲಿ ಪೂರ್ಣ ಸ್ಥಾನವಿದೆ. ಸ್ಕೇವನ್, ಡಾರ್ಕ್ ಎಲ್ಫ್ ಮುಂತಾದ ಕೆಲವು ಸೈನ್ಯಗಳಿಗೆ ಆ ಭಾಗ್ಯವಿಲ್ಲ, ಉಚಿತವಾಗಿ ಕೊಟ್ಟ ಒಂದು ನಿಯಮಗಳ ಪಟ್ಟಿಯಷ್ಟೇ ಅವುಗಳ ಪಾಲಿಗೆ ಬಂದದ್ದು.

ಒಂದು ತೊಡಕಿದೆ. ಬೇಸ್ ಚೌಕವಾಗಿಯೇ ಉಳಿದರೂ ಅಳತೆ ದೊಡ್ಡದಾಗಿದೆ. ನಿಮ್ಮ ಕಾಲಾಳುಗಳು ನಿಂತಿರುವುದು 20 ಮಿಲಿಮೀಟರ್ ಚೌಕದ ಮೇಲೆ, ಈಗ ಬೇಕಾಗಿರುವುದು 25. ಸವಾರರದು 25ಕ್ಕೆ 50 ಇದ್ದದ್ದು 30ಕ್ಕೆ 60 ಆಗಿದೆ. ಐವರು ಒಂದು ಸಾಲಿನಲ್ಲಿ ನಿಂತರೆ ಹಿಂದೆ 100 ಮಿಲಿಮೀಟರ್ ಅಗಲ, ಈಗ 125. ಮನೆಯಲ್ಲೇ ಆಡುವುದಾದರೆ ಹಳೆಯ ಸೈನಿಕರನ್ನು ಅಗಲವಾದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿ ಕೆಲಸ ಸಾಗಿಸಬಹುದು. ನಾನು ಹಾಗೆ ಮಾಡಲಿಲ್ಲ. ಅರವತ್ತು ಹೊಸ ಬೇಸ್ ಬೇಕು ಎಂಬ ಅಗತ್ಯವೇ ನನಗೆ ಎರಕ ಕಲಿಸಿತು, ಅದಕ್ಕಾಗಿಯೇ ನಿಮಗೂ ಇದನ್ನು ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ಆಟದ ಮಾತು. ಅರವತ್ತನ್ನೂ ಒಂದೇ ಸಲ ಸಿದ್ಧಪಡಿಸಲು ಹೋದರೆ ಮೂರನೇ ವಾರಕ್ಕೆ ಕೈ ಸೋಲುತ್ತದೆ. ಹತ್ತು ಜನರನ್ನು ಆರಿಸಿಕೊಳ್ಳಿ. 'ಫ್ರಾಸ್ಟ್‌ಗ್ರೇವ್' ಎಂಬ ಆಟಕ್ಕೆ ಒಬ್ಬ ಮಾಂತ್ರಿಕ ಮತ್ತು ಹೆಚ್ಚೆಂದರೆ ಒಂಬತ್ತು ಸಂಗಡಿಗರು ಸಾಕು, ಮೂರು ಅಡಿ ಚೌಕದ ಮೇಜು ಮತ್ತು ಇಪ್ಪತ್ತು ಮುಖದ ಒಂದೊಂದು ದಾಳ ಇದ್ದರಾಯಿತು. ಯಾವ ಕಂಪನಿಯ ಬೊಂಬೆಯಾದರೂ ನಡೆಯುತ್ತದೆ, ಬೇಸ್ ಎಷ್ಟಿದೆ ಎಂದು ಯಾರೂ ಅಳೆಯುವುದಿಲ್ಲ. ಮಗಳೊಡನೆ ಊಟದ ಮೇಜಿನ ಮೇಲೆ ನಾನು ಮರಳಿ ಆಡಿದ ಮೊದಲ ಆಟ ಇದೇ. ಅಂದು ನನ್ನ ಹತ್ತು ಡ್ವಾರ್ಫ್‌ಗಳಲ್ಲಿ ನಾಲ್ವರಿಗೆ ಬಣ್ಣವೇ ಇರಲಿಲ್ಲ. ಆ ನಾಲ್ವರಿಗೆ ಬಣ್ಣ ಹಚ್ಚುವ ಆಸೆ ಆಟ ಮುಗಿದ ರಾತ್ರಿಯೇ ಹುಟ್ಟಿತು. ಅಂಗಡಿಯಿಂದ ತಂದ ಹೊಸ ಪೆಟ್ಟಿಗೆಯೊಂದು ಅದಕ್ಕೂ ಮೊದಲು ಆರು ತಿಂಗಳು ಕಪಾಟಿನಲ್ಲಿ ಕೂತಿದ್ದರೂ ಅದನ್ನು ಮುಟ್ಟುವ ಮನಸ್ಸಾಗಿರಲಿಲ್ಲ.

ಹಳೆಯ ಬಣ್ಣ ತೆಗೆಯಬೇಕೇ? ಪದರ ಪದರವಾಗಿ ದಪ್ಪಗಾಗಿ ಮುಖದ ಗೆರೆಗಳೇ ಮುಚ್ಚಿದ್ದರೆ ಮಾತ್ರ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೂ ಲೋಹಕ್ಕೂ ಹಾನಿಯಿಲ್ಲ. ಅಸಿಟೋನ್ ಮಾತ್ರ ಪ್ಲಾಸ್ಟಿಕ್ ಬೊಂಬೆಯ ಹತ್ತಿರ ಸುಳಿಯಬಾರದು, ಕರಗಿಸಿಬಿಡುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಯಾರೋ ಕೊಟ್ಟ ಇನ್ನೂ ಹಳೆಯ ಲೋಹದ ಬೊಂಬೆಗಳಿದ್ದರೆ ಅವುಗಳಲ್ಲಿ ಸೀಸ ಇರಬಹುದು. ಬೂದಿ ಬಣ್ಣದ ಪುಡಿ ಕಂಡರೆ ಬೇರೆ ಡಬ್ಬಿಗೆ ಹಾಕಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಅರವನ್ನಂತೂ ಒಣದಾಗಿ ಹಾಕಬೇಡಿ.

ಉಳಿದವರ ಬಣ್ಣ ಹಾಗೆಯೇ ಇರಲಿ. ಅಮ್ಮ ಇಲ್ಲಿಗೆ ಬಂದಿದ್ದಾಗ ನಾನು ಡ್ವಾರ್ಫ್‌ಗಳನ್ನೆಲ್ಲ ಆಲ್ಕೋಹಾಲ್‌ಗೆ ಹಾಕಲು ಹೊರಟಿದ್ದೆ. ಅವರು ಪ್ರತಿ ದಸರಾಕ್ಕೂ ತಪ್ಪದೆ ಬೊಂಬೆ ಕೂರಿಸುವವರು. ಒಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, "ನಮ್ಮ ಪಟ್ಟದ ಬೊಂಬೆಗೆ ನಿಮ್ಮಜ್ಜ ಬಣ್ಣ ಹೋದ ಕಡೆ ಮಾತ್ರ ಹಚ್ಚುತ್ತಿದ್ದರು, ಪೂರ್ತಿ ಕೆರೆದು ಹಚ್ಚಿದವರಲ್ಲ" ಎಂದರು. ಡಬ್ಬಿಯ ಮುಚ್ಚಳ ಮುಚ್ಚಿದೆ. ಇಪ್ಪತ್ತಮೂರರ ಹರೆಯದಲ್ಲಿ ನಡುಗುವ ಕೈಯಿಂದ ಎಳೆದ ಹುಬ್ಬುಗಳು ಈಗಲೂ ಆ ಮುಖಗಳ ಮೇಲಿವೆ.

ಇನ್ನು ಎರಕ. ಬೇಸ್ ಯಾಕೆ ಒಳ್ಳೆಯ ಮೊದಲ ಪಾಠವೆಂದರೆ ಅದಕ್ಕೆ ಒಂದೇ ತುಂಡಿನ, ಬಾಯಿ ತೆರೆದ ಅಚ್ಚು ಸಾಕು, ಇಡ್ಲಿ ತಟ್ಟೆಯ ಹಾಗೆ. ಕಲ್ಲು ಮಣ್ಣಿನ ವಿವರವಿರುವ ಮುಖ ಅಚ್ಚಿನ ತಳದಲ್ಲಿರುತ್ತದೆ. ಗಾಳಿಗುಳ್ಳೆ ಮೇಲಕ್ಕೇರುತ್ತದೆ, ಮೇಲೆ ಇರುವುದು ಯಾರೂ ನೋಡದ ಅಡಿಭಾಗ. ಸೈನಿಕನಾದರೆ ಎರಡು ಹೋಳಿನ ಅಚ್ಚು ಬೇಕು, ರೆಸಿನ್ ಇಳಿಯಲು ದಾರಿ, ಗಾಳಿ ಹೊರಹೋಗಲು ದಾರಿ, ಕತ್ತಿಯ ತುದಿಯಲ್ಲೂ ಗದ್ದದ ಕೆಳಗೂ ಸಿಕ್ಕಿಕೊಳ್ಳುವ ಗುಳ್ಳೆಗಳಿಗೆ ಒತ್ತಡದ ಪಾತ್ರೆ. ಅದೆಲ್ಲ ಮುಂದಿನ ವರ್ಷಕ್ಕಿರಲಿ.

ಮೊದಲು ಮೂಲ ಮಾದರಿ ಮಾಡಿಕೊಳ್ಳಿ. ಪ್ಲಾಸ್ಟಿಕ್ ಹಾಳೆಯಿಂದ 25 ಮಿಲಿಮೀಟರ್ ಚೌಕದ ಐದು ತುಂಡು ಕತ್ತರಿಸಿ, ಮೇಲೆ ಎಂ-ಸೀಲ್ ಹರಡಿ, ಅದು ಗಟ್ಟಿಯಾಗುವ ಮೊದಲು ಮರಳು, ಒಣ ತೊಗಟೆ, ಕಲ್ಲಿನ ಚೂರು ಒತ್ತಿ. ನಿಮ್ಮಲ್ಲಿ ಜಂಬಿಟ್ಟಿಗೆ ಕಲ್ಲು ಬೇಕಾದಷ್ಟು ಸಿಗುತ್ತದೆ. ಅದರ ಉಗುರುಗಾತ್ರದ ಚೂರು 28 ಮಿಲಿಮೀಟರ್ ಎತ್ತರದ ಸೈನಿಕನ ಕಾಲಡಿಯಲ್ಲಿ ದೊಡ್ಡ ಬಂಡೆಯಾಗಿ ಕಾಣುತ್ತದೆ, ನನಗೆ ಇಲ್ಲಿ ಅಂಥದ್ದು ಸಿಗುವುದಿಲ್ಲ. ಆದರೆ ಅದು ತೂತು ತೂತಾದ ಕಲ್ಲು, ಸಿಲಿಕೋನ್ ಒಳಗೆ ಹೊಕ್ಕರೆ ಬಿಡಿಸಲು ಆಗುವುದಿಲ್ಲ. ಎರಡು ಕೋಟು ವಾರ್ನಿಷ್ ಹಚ್ಚಿ ರಂಧ್ರ ಮುಚ್ಚಿ. ಎಲ್ಲ ಸೇರಿ ದಪ್ಪ ಮೂರೂವರೆ ಮಿಲಿಮೀಟರ್ ಇರಲಿ.

ಐದನ್ನೂ ನುಣುಪು ಹಲಗೆಯ ಮೇಲೆ, ನಡುವೆ ಕಿರುಬೆರಳಷ್ಟು ಜಾಗ ಬಿಟ್ಟು ಅಂಟಿಸಿ. ಸುತ್ತ ಮಕ್ಕಳ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಗೋಡೆ ಕಟ್ಟಿ. ಅಚ್ಚಿಗೆ ಬೇಕಾದ ಸಿಲಿಕೋನ್ ರಬ್ಬರ್ ಎರಡು ಬಗೆಯದು, ತವರ ಆಧಾರಿತ ಮತ್ತು ಪ್ಲಾಟಿನಂ ಆಧಾರಿತ. ಪ್ಲಾಟಿನಂ ಬಗೆಯದು ಹೆಚ್ಚು ಕಾಲ ಬಾಳುತ್ತದೆ, ಆದರೆ ಗಂಧಕ ಬೆರೆತ ಜೇಡಿಮಣ್ಣು, ಲೇಟೆಕ್ಸ್ ಕೈಗವಸು, ಸರಿಯಾಗಿ ಒಣಗದ ತ್ರೀಡಿ ಪ್ರಿಂಟ್ ಸೋಕಿದರೂ ಸಾಕು, ಆ ಜಾಗ ಅಂಟಂಟಾಗಿಯೇ ಉಳಿಯುತ್ತದೆ. ಕಲಿಯುವವರಿಗೆ ತವರದ್ದೇ ಸರಿ. ಗಟ್ಟಿಕಾರಕವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ತಕ್ಕಡಿಯಲ್ಲಿ ತೂಗಿ, ಕಣ್ಣಳತೆ ಬೇಡ. ಐದು ಬೇಸ್‌ನ ಅಚ್ಚಿಗೆ ಸುಮಾರು 90 ಗ್ರಾಂ ಹಿಡಿಯುತ್ತದೆ. ಕಲಸಿದ ಸಿಲಿಕೋನ್ ದೋಸೆ ಹಿಟ್ಟಿನ ಹದದಲ್ಲಿರುತ್ತದೆ. ಮೊದಲು ಬ್ರಷ್‌ನಿಂದ ತೆಳುವಾಗಿ ಮಾದರಿಯ ಸಂದುಗೊಂದುಗಳಿಗೆ ಹಚ್ಚಿ, ಉಳಿದದ್ದನ್ನು ಒಂದು ಮೂಲೆಯಿಂದ, ಎತ್ತರದಿಂದ, ನೂಲಿನಂತೆ ಇಳಿಬಿಡಿ. ಧಾರೆ ತೆಳುವಾದಷ್ಟೂ ಗುಳ್ಳೆ ಒಡೆಯುತ್ತದೆ. ಒಂದು ರಾತ್ರಿ ಮುಟ್ಟಬೇಡಿ.

ರೆಸಿನ್ ವಿಷಯದಲ್ಲಿ ನಿಮಗೂ ನನಗೂ ದಾರಿ ಬೇರೆ. ನಾನು ಬಳಸುವುದು ಪಾಲಿಯುರಿಥೇನ್. ಎರಡು ಭಾಗಗಳನ್ನು ಸಮ ಪ್ರಮಾಣದಲ್ಲಿ ಬೆರೆಸಿದರೆ ಮೂರು ನಿಮಿಷದೊಳಗೆ ಹೊಯ್ಯಬೇಕು. ಒಂದು ಬೇಸ್‌ಗೆ ಸುಮಾರು 2.2 ಮಿಲಿಲೀಟರ್ ಸಾಕು, ಐದಕ್ಕೆ 11. ಹೊಯ್ದಾಗ ಎಣ್ಣೆಯಂತೆ ತಿಳಿಯಾಗಿರುತ್ತದೆ. ನೋಡುತ್ತಿದ್ದಂತೆ ನಡುವೆ ಹಾಲಿನ ಹನಿ ಬಿದ್ದ ಹಾಗೆ ಒಂದು ಬಿಳಿ ಮಚ್ಚೆ ಏಳುತ್ತದೆ, ಅಂಚಿನವರೆಗೂ ಹರಡುತ್ತದೆ, ಕೈಯಲ್ಲಿ ಉಳಿದ ಲೋಟ ಬೆಚ್ಚಗಾಗುತ್ತದೆ. ಅರ್ಧ ಗಂಟೆಯಲ್ಲಿ ಅಚ್ಚು ಬಗ್ಗಿಸಿದರೆ ಬೇಸ್ ಅಂಗೈಗೆ ಬೀಳುತ್ತದೆ, ಇನ್ನೂ ಬೆಚ್ಚಗಿರುತ್ತದೆ. ನಾನು ಒತ್ತಿದ ಮರಳಿನ ಒಂದೊಂದು ಕಣವೂ ಅದರ ಮೇಲಿತ್ತು. ಅಂದು ಸಂಜೆ ನಲವತ್ತು ಬೇಸ್ ಹೊಯ್ದ ಮೇಲೆಯೇ ಊಟಕ್ಕೆ ಎದ್ದದ್ದು.

ಆದರೆ ಪಾಲಿಯುರಿಥೇನ್‌ಗೆ ನೀರು ಆಗಿಬರುವುದಿಲ್ಲ. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ತೇವದ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಎರಕ ಬ್ರೆಡ್ಡಿನಂತೆ ಉಬ್ಬುತ್ತದೆ. ನನ್ನ ಎರಡನೇ ಸರದಿ ಪೂರ್ತಿ ಹಾಗೆ ಹಾಳಾಯಿತು. ರೆಸಿನ್ ಹಳೆಯದೇನೋ ಎಂದುಕೊಂಡೆ, ಅಚ್ಚನ್ನು ಶಂಕಿಸಿದೆ. ಕೊನೆಗೆ ತಿಳಿದದ್ದು, ಕಲಸಲು ಬಳಸಿದ ಐಸ್‌ಕ್ರೀಮ್ ಕಡ್ಡಿ ಮರದ್ದು, ಮರದಲ್ಲಿ ತೇವ ಇದ್ದೇ ಇರುತ್ತದೆ. ಕಡ್ಡಿಯೂ ಲೋಟವೂ ಪ್ಲಾಸ್ಟಿಕ್ಕಿನವಾದ ಮೇಲೆ ಆ ಕಾಟ ತಪ್ಪಿತು. ಇಂಗ್ಲೆಂಡಿನ ಚಳಿಯದ್ದು ಇನ್ನೊಂದು ಪಾಠ. ಜನವರಿಯಲ್ಲಿ ಹಿತ್ತಲ ಶೆಡ್‌ನಲ್ಲಿ ಹೊಯ್ದ ತೆಳು ತುಂಡುಗಳು ಮರುದಿನವೂ ಮೇಣದಂತೆ ಬಾಗುತ್ತಿದ್ದವು. ಈಗ ರೆಸಿನ್ ಬಾಟಲಿಗಳನ್ನೂ ಅಚ್ಚನ್ನೂ ಮೊದಲೇ ಬೆಚ್ಚಗಿಟ್ಟುಕೊಳ್ಳುತ್ತೇನೆ.

ನಿಮಗೆ ಚಳಿಯ ಚಿಂತೆಯಿಲ್ಲ, ಮಳೆಯ ಚಿಂತೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಗಾಳಿಯಲ್ಲಿ, ಒಮ್ಮೆ ತೆರೆದ ಪಾಲಿಯುರಿಥೇನ್ ಡಬ್ಬಿ ಬೇಗ ಕೆಡುತ್ತದೆ. ಆದ್ದರಿಂದ ಎಪಾಕ್ಸಿಯಿಂದ ಶುರು ಮಾಡಿ. ಟ್ರೇ, ಗಡಿಯಾರ, ಆಭರಣ ಮಾಡುವವರು ಕೊಳ್ಳುವ ರೆಸಿನ್ ಅದೇ, ಭಾರತದಲ್ಲಿ ಸುಲಭವಾಗಿ ಸಿಗುತ್ತದೆ, ತೇವವನ್ನು ಎಷ್ಟೋ ಹೆಚ್ಚು ತಾಳಿಕೊಳ್ಳುತ್ತದೆ. ನಿಧಾನ ಮಾತ್ರ, ಒಂದು ದಿನ ಕಾಯಬೇಕು. ಆ ನಿಧಾನದಿಂದ ಲಾಭವೂ ಇದೆ, ಗುಳ್ಳೆ ಮೇಲೆ ಬರಲು ಬೇಕಾದಷ್ಟು ಸಮಯ ಸಿಗುತ್ತದೆ. ದಿನಕ್ಕೆ ಐದರಂತೆ ಹನ್ನೆರಡು ದಿನಗಳಲ್ಲಿ ನಿಮ್ಮ ಅರವತ್ತೂ ಮುಗಿಯುತ್ತವೆ. ಹೊಯ್ಯುವ ಮೊದಲು ಅಚ್ಚಿಗೆ ಟಾಲ್ಕಂ ಪೌಡರ್ ಉದುರಿಸಿ, ತಟ್ಟಿ ತೆಗೆಯಿರಿ, ಮೂಲೆಮೂಲೆಗೂ ರೆಸಿನ್ ಹರಿಯಲು ಅದು ಸಹಾಯ ಮಾಡುತ್ತದೆ. ಕಂಠಮಟ್ಟಕ್ಕಿಂತ ಒಂದು ಕೂದಲೆಳೆ ಹೆಚ್ಚು ಹೊಯ್ದು, ಮೇಲೆ ಪಾಲಿಥಿನ್ ಹಾಳೆ ಹಾಸಿ ಹಲಗೆಯಿಂದ ಒತ್ತಿದರೆ ಅಡಿ ಸಮನಾಗಿ ಬರುತ್ತದೆ.

ಸುರಕ್ಷತೆಯ ಮಾತನ್ನು ದಯವಿಟ್ಟು ಹಾರಿಸಿ ಓದಬೇಡಿ. ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹತ್ತುತ್ತದೆ, ಹತ್ತಿದರೆ ಬಿಡುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿ. ಪಾಲಿಯುರಿಥೇನ್‌ನ ಆವಿ ಉಸಿರಾಟಕ್ಕೆ ಅಪಾಯ, ಅಸ್ತಮಾ ತರಬಲ್ಲದು. ಕಿಟಕಿ ತೆರೆದ ಕೋಣೆ, ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್‌ನ ಮಾಸ್ಕ್, ಎರಡೂ ಬೇಕು. ಬಟ್ಟೆಯ ಮಾಸ್ಕ್‌ನಿಂದ ಏನೂ ಪ್ರಯೋಜನವಿಲ್ಲ. ಎರಕವನ್ನು ಉಜ್ಜುವಾಗ ನೀರಿನಲ್ಲಿ ಅದ್ದಿ ಉಜ್ಜಿ, ಧೂಳು ಏಳಬಾರದು. ಅಡುಗೆಮನೆಯ ತಕ್ಕಡಿ, ಲೋಟ, ಚಮಚಗಳನ್ನು ಇದಕ್ಕೆ ಬಳಸಿದರೆ ಅವು ಮತ್ತೆ ಅಡುಗೆಮನೆಗೆ ಹೋಗಬಾರದು.

ಕಂಪನಿಯ ಸೈನಿಕರನ್ನೇ ಅಚ್ಚು ತೆಗೆದು ಎರಕ ಹೊಯ್ಯಬಹುದೇ ಎಂದೂ ಕೇಳಿದ್ದೀರಿ. ಬೇಡ. ಆ ವಿನ್ಯಾಸದ ಹಕ್ಕು ಅವರದು ಎಂಬುದು ಒಂದು ಕಾರಣ. ಒಬ್ಬ ಶಿಲ್ಪಿ ಎಷ್ಟೋ ದಿನ ಕೂತು ಬೆರಳುದ್ದದ ಬೊಂಬೆಯ ಮೀಸೆ ತಿದ್ದಿರುತ್ತಾನೆ, ಅವನ ದುಡಿಮೆಗೆ ಬೆಲೆ ಸಿಗಲೇಬೇಕು ಎಂಬುದು ನನಗೆ ಇನ್ನೂ ದೊಡ್ಡ ಕಾರಣ. ನೀವೇ ತಿದ್ದಿದ ಬೇಸ್, ಮುರಿದ ಗೋಡೆ, ಪೀಪಾಯಿ, ಮೂಟೆ, ಗುರಾಣಿಗಳನ್ನು ಎಷ್ಟು ಬೇಕಾದರೂ ಹೊಯ್ಯಿರಿ. ಗುರಾಣಿಯ ಮೇಲೆ ಗಂಡಭೇರುಂಡ ಕೆತ್ತಿದರೂ ಚೆನ್ನ, ನನ್ನ ಡ್ವಾರ್ಫ್ ದಳಪತಿಯ ಬಾವುಟದಲ್ಲಿ ಅದೇ ಇದೆ. ತ್ರೀಡಿ ಪ್ರಿಂಟರ್ ಈಗಲೇ ಕೊಳ್ಳುವ ಅಗತ್ಯವಿಲ್ಲ.

ಮೊದಲ ಐದು ಅಚ್ಚಿನಿಂದ ಹೊರಬಂದಾಗ ಎರಡೂ ಕಡೆಯ ಚಿತ್ರ ತೆಗೆದು ಕೆಳಗೆ ಹಾಕಿ. ಗುಳ್ಳೆ ವಿವರದ ಮುಖದಲ್ಲಿ ಮಾತ್ರ ಇದ್ದರೆ ಹೊಯ್ದ ರೀತಿಯಲ್ಲಿ ಗಾಳಿ ಸಿಕ್ಕಿದೆ, ಮೊದಲು ಬ್ರಷ್‌ನಿಂದ ಹಚ್ಚಿ ನಂತರ ಹೊಯ್ದರೆ ಸರಿಹೋಗುತ್ತದೆ. ಅಲ್ಲಲ್ಲಿ ಅಂಟು ಉಳಿದಿದ್ದರೆ ಕಲಸುವಾಗ ಲೋಟದ ಅಂಚನ್ನೂ ತಳವನ್ನೂ ಕೆರೆದಿಲ್ಲ. ಮೈಯೆಲ್ಲ ಮೆತ್ತಗಿದ್ದರೆ ಅಳತೆ ತಪ್ಪಿದೆ, ಆ ಐದನ್ನು ಬದಿಗಿಟ್ಟು ತಕ್ಕಡಿಯನ್ನು ಪರೀಕ್ಷಿಸಿ. ಬೇಸ್‌ನ ಒಂದು ಅಂಚಿಗೆ ಅಳತೆ ಪಟ್ಟಿ ಹಿಡಿದು ಇನ್ನೊಂದು ಚಿತ್ರವನ್ನೂ ಹಾಕಿ. ತವರದ ಸಿಲಿಕೋನ್ ದಿನ ಕಳೆದಂತೆ ತುಸು ಕುಗ್ಗುತ್ತದೆ, ಅರವತ್ತನೆಯ ಬೇಸ್ ಮೊದಲನೆಯದರ ಪಕ್ಕದಲ್ಲಿ ಸಾಲಾಗಿ ಕೂರುತ್ತದೆಯೇ ಎಂಬುದನ್ನು ಆಗಲೇ ನೋಡಿಕೊಳ್ಳಬಹುದು.